ಹಂಸಕ್ಕೆ ಎರಡು ಮನೆ

ಕಂಪ್ಯೂಟರ್ ಇರುವ ಮನೆಯಲ್ಲಿ ಒಂದಲ್ಲ ಒಂದು ದಿನ ಈ ಗಲಾಟೆ ಇದ್ದದ್ದೇ. ನಿನ್ನೆಯವರೆಗೆ ನೆಟ್ಟಗಿದ್ದ ಯಂತ್ರ ಇವತ್ತು ಮುನಿಸಿಕೊಂಡು ಕೂರುತ್ತದೆ. ಒಬ್ಬರು ವೈರು ಅಲ್ಲಾಡಿಸುತ್ತಾರೆ, ಇನ್ನೊಬ್ಬರು ಅದರ ತಲೆಗೊಂದು ತಟ್ಟುತ್ತಾರೆ, ಮತ್ತೊಬ್ಬರು ಯಾರೂ ಕೇಳುವ ಮೊದಲೇ "ನಾನು ಮುಟ್ಟೇ ಇಲ್ಲಪ್ಪ" ಎಂದುಬಿಡುತ್ತಾರೆ. ನಮ್ಮ ಟೇಲರ್ ಮಾಸ್ಟರ ಅಂಗಡಿಯಲ್ಲಿ ಈ ಎಲ್ಲ ಕೆಲಸವನ್ನೂ ಮಾಸ್ಟರ್ ಒಬ್ಬರೇ ಮಾಡಿದರು.

ಅಂಗಡಿ ಎಂದರೆ ಮನೆಯ ಮುಂದಿನ ಕೋಣೆ. ಒಂದು ಗೋಡೆಗೆ ಮಾಸ್ಟರ ಹೊಲಿಗೆ ಮೆಷಿನ್, ಬಟ್ಟೆ ಕತ್ತರಿಸುವ ಉದ್ದನೆಯ ಮೇಜು. ಎದುರು ಗೋಡೆಗೆ ಅವರ ಹೆಂಡತಿಯ ಕಸೂತಿ ಮೆಷಿನ್, ಅದರ ಪಕ್ಕ ಕಂಪ್ಯೂಟರ್. ಹೆಂಡತಿ ಕಂಪ್ಯೂಟರಿನಲ್ಲಿ ಚಿತ್ರ ಬರೆಯುತ್ತಾರೆ, ಮೆಷಿನ್ ಅದನ್ನು ಬಟ್ಟೆಯ ಮೇಲೆ ದಾರದಲ್ಲಿ ಬಿಡಿಸುತ್ತದೆ. ಬಳ್ಳಿ, ಎಲೆ, ಚಿಟ್ಟೆ, ಮೀನು ಎಲ್ಲ ಆಕೆಯದೇ ಕೈಚಳಕ, ವರ್ಷಾನುಗಟ್ಟಲೆಯ ದುಡಿಮೆ. ಅದರಲ್ಲೂ ಆಕೆಗೆ ಪ್ರಾಣ ಎಂದರೆ ಒಂದು ಹಂಸ. ಡಾನ್ಸ್ ಶಾಲೆಯ ಟೀಚರ್ ಅದನ್ನು ನೋಡಿ ಮನಸೋತು, ಮಕ್ಕಳ ಫ್ರಾಕುಗಳಿಗೆಲ್ಲ ಅದೇ ಬೇಕೆಂದು ಆರ್ಡರ್ ಕೊಟ್ಟಿದ್ದರು. ಅರ್ಧದಷ್ಟು ಫ್ರಾಕುಗಳು ಮುಗಿದಿದ್ದವು, ಇನ್ನರ್ಧ ಬಾಕಿ. ಕಾರ್ಯಕ್ರಮ ಬರುವ ಶನಿವಾರ.

ಮಾಸ್ಟರ ಕಣ್ಣಿಗೆ ಮಾತ್ರ ಅದು ಹಂಸವಾಗಿ ಕಂಡಿರಲಿಲ್ಲ.

"ನಿನ್ನ ಬಾತುಕೋಳಿ ಚೆನ್ನಾಗಿ ಬಂದಿದೆ ಕಣೇ."

"ರೀ, ಅದು ಹಂಸ."

"ಇರ್ಲಿ ಬಿಡು. ಕತ್ತು ಉದ್ದ ಆದ ಬಾತುಕೋಳಿ."

ಹೆಂಡತಿ ದಾರ ಪೋಣಿಸುತ್ತಿದ್ದರು. ಅಂಥ ಸಮಯದಲ್ಲಿ ಆಕೆ ಕತ್ತರಿಯನ್ನು ಮೇಜಿನ ಮೇಲೆ ಇಡುವ ಸದ್ದು ಸ್ವಲ್ಪ ಜೋರಾಗಿಯೇ ಕೇಳುತ್ತಿತ್ತು.

ಕಂಪ್ಯೂಟರ್ ಮುನಿಸಿಕೊಂಡ ದಿನ ಹೆಂಡತಿಯ ತಂಗಿ ಬಂದಳು. ಆಕೆ ಶಾಲೆಯಲ್ಲಿ ಮಕ್ಕಳಿಗೆ ಕಂಪ್ಯೂಟರ್ ಪಾಠ ಹೇಳುವವಳು. ಏನೇನೋ ಒತ್ತಿ, ಕಾದು, ಮತ್ತೆ ಒತ್ತಿ, ಕೊನೆಗೆ ಅದನ್ನು ಎಬ್ಬಿಸಿ ಕೂರಿಸಿದಳು.

"ಭಾವ, ಇದರ ಒಳಗಿನ ಡಿಸ್ಕಿಗೆ ವಯಸ್ಸಾಗಿದೆ. ಇವತ್ತು ಎದ್ದಿದೆ. ನಾಳೆನೂ ಏಳುತ್ತೆ ಅಂತ ನಾನು ಬರ್ಕೊಡಲ್ಲ. ಅಕ್ಕನ ಡಿಸೈನೆಲ್ಲ ಇನ್ನೊಂದು ಕಡೆ ಇಟ್ಕೊಳ್ಳಿ. ಹೊರಗಿನಿಂದ ಹಾಕೋ ಹಾರ್ಡ್ ಡಿಸ್ಕ್ ಸಿಗುತ್ತೆ."

"ಇನ್ನೊಂದು ಕಡೆ ಯಾಕಮ್ಮ? ನನಗಿರೋದು ಒಂದೇ ಮೆಷಿನ್ನು, ಒಂದೇ ಕತ್ತರಿ, ಒಬ್ಬಳೇ ಹೆಂಡತಿ. ಎಲ್ಲಾ ಸರಿಯಾಗೇ ನಡೀತಿದೆಯಲ್ಲ?"

"ಒಬ್ಬಳೇ ಹೆಂಡತಿ ಅಂತ ನೆನಪಿದ್ರೆ ಸಾಕು. ಅವಳ ಕೆಲಸ ಹೋದ್ರೆ ಅವಳು ನಿಮ್ಮನ್ನ ಬಿಡ್ತಾಳಾ?"

ಮಾತು ಮಾಸ್ಟರಿಗೆ ನಾಟಿತು. ಮರುದಿನ ಡಿಸ್ಕ್ ಬಂತು. ನೋಡಿದರೆ ಸಾಬೂನಿನ ಡಬ್ಬಿಯಷ್ಟು. ಮಾಸ್ಟರ್ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಕಿವಿಗೆ ಹಿಡಿದು, "ಇದರೊಳಗೆ ಅಷ್ಟೆಲ್ಲ ಮಡಚಿ ಇಡ್ತೀಯಾ?" ಎಂದು ಮೂಗು ಮುರಿದರು.

ನಾದಿನಿ ಡಿಸ್ಕನ್ನು ವೈರಿನಲ್ಲಿ ಕಂಪ್ಯೂಟರಿಗೆ ಸಿಕ್ಕಿಸಿದಳು. ಪರದೆಯ ಮೇಲೆ ಪ್ರಶ್ನೆಯೊಂದು ಮೂಡಿತು: ಈ ಡಿಸ್ಕನ್ನು ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲೇ? ಅವಳು ಹೌದು ಒತ್ತಿದಳು.

"ಏನದು?" ಎಂದರು ಮಾಸ್ಟರ್.

"ಹೊಸ ಡಿಸ್ಕಲ್ವಾ ಭಾವ, ನಮ್ಮ ಕಂಪ್ಯೂಟರಿಗೆ ಹೊಂದೋ ಹಾಗೆ ತಯಾರಾಗಬೇಕು. ನೀವು ಕತ್ತರಿಸೋ ಮುಂಚೆ ಬಟ್ಟೆ ಮೇಲೆ ಚಾಕ್‌ಪೀಸಲ್ಲಿ ಗುರುತು ಹಾಕ್ತೀರಲ್ಲ, ಹಾಗೆ. ಆದ್ರೆ ನೆನಪಿಟ್ಕೊಳ್ಳಿ, ಡಿಸ್ಕ್ ಖಾಲಿ ಇದ್ದಾಗ ಮಾತ್ರ ಹೌದು ಅನ್ನಬೇಕು. ಒಳಗೆ ಏನಾದ್ರೂ ಇದ್ರೆ ಎಲ್ಲ ಅಳಿಸಿಹೋಗುತ್ತೆ."

ಮಾಸ್ಟರ್ 'ಚಾಕ್‌ಪೀಸ್' ಎಂಬಲ್ಲಿಯವರೆಗೆ ಕೇಳಿಸಿಕೊಂಡು ತೃಪ್ತರಾಗಿ, ಮೆಷಿನ್ ತುಳಿಯತೊಡಗಿದ್ದರು. ಕಟಕಟ ಸದ್ದಿನಲ್ಲಿ ಉಳಿದ ಮಾತು ಮುಳುಗಿಹೋಯಿತು. ಡಿಸೈನುಗಳೆಲ್ಲ ಡಿಸ್ಕಿಗೆ ನಕಲಾದವು. ಕಂಪ್ಯೂಟರಿನಲ್ಲಿರುವುದು ಅಲ್ಲೇ ಇರಲಿ, ಡಿಸ್ಕನ್ನು ಕಿತ್ತು ಎಳೆಯಬೇಡಿ, ಅದಕ್ಕೊಂದು ಕ್ರಮ ಇದೆ ಎಂದು ನಾದಿನಿ ಹೇಳುತ್ತಲೇ ಇದ್ದಳು. ಮಾಸ್ಟರ್ ತಲೆ ಆಡಿಸುತ್ತಲೇ ಇದ್ದರು. ಮೆಷಿನ್ ತುಳಿಯುವಾಗ ಅವರ ತಲೆ ತಾನಾಗಿಯೇ ಆಡುತ್ತದೆ ಎನ್ನುವುದು ಪಾಪ ಅವಳಿಗೆ ಹೊಳೆಯಲಿಲ್ಲ.

ಮರುದಿನ ಹೆಂಡತಿ ದಾರ ತರಲು ಪೇಟೆಗೆ ಹೋದಾಗ ಮಾಸ್ಟರ್ ಡಿಸ್ಕಿನ ಯೋಗಕ್ಷೇಮಕ್ಕೆ ಟೊಂಕ ಕಟ್ಟಿ ನಿಂತರು. ಡಿಸ್ಕನ್ನು ಕಂಪ್ಯೂಟರಿಗೆ ಸಿಕ್ಕಿಸಿ, ಅದರ ಪುಟ್ಟ ದೀಪ ಮಿನುಗುವುದನ್ನು ನೋಡಿದರು. ಬರಿಮೈಯಲ್ಲಿದೆಯಲ್ಲ ಎಂದು ಕನಿಕರವಾಯಿತು. ಉಳಿದಿದ್ದ ವೆಲ್ವೆಟ್ ತುಂಡಿಗೆ ಒಳಗಡೆ ಹತ್ತಿ ತುಂಬಿ, ಅಂಚಿಗೆ ಪೈಪಿಂಗ್ ಕೊಟ್ಟು, ಜಿಪ್ ಇಟ್ಟು, ವೈರು ಹೊರಬರಲು ಗುಂಡಿಮನೆಯಂಥ ಕಾಜವನ್ನೂ ಮಾಡಿ, ಅಂದವಾದ ಕೋಟೊಂದನ್ನು ಹೊಲಿದು ತೊಡಿಸಿದರು. ಕಣ್ಣೆದುರೇ ಇರಲಿ ಎಂದು, ವೈರಿಗೆ ಇನ್ನೊಂದು ವೈರು ಜೋಡಿಸಿ ಕೋಣೆಯ ಈಚೆಗೆ ತಂದು, ಉದ್ದ ಮೇಜಿನ ತುದಿಗೆ, ಮೆಷಿನ್ನಿಗೆ ತಾಗಿಸಿ ಇಟ್ಟರು. ಅವರು ತುಳಿದಾಗಲೆಲ್ಲ ಮೇಜು ಗಡಗಡ ನಡುಗುತ್ತಿತ್ತು, ಕೋಟಿನೊಳಗೆ ಡಿಸ್ಕೂ ನಡುಗುತ್ತಿತ್ತು.

ಅಷ್ಟಕ್ಕೇ ನಿಲ್ಲಿಸಿದ್ದರೆ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಮಾಸ್ಟರ್ ಅಚ್ಚುಕಟ್ಟಿನ ಮನುಷ್ಯ. ಒಂದೇ ಅಂಗಿಯನ್ನು ಎರಡು ಬೀರುವಿನಲ್ಲಿ ಇಡುವವರುಂಟೇ? ಎಲ್ಲ ಡಿಸ್ಕಿನ ಪೆಟ್ಟಿಗೆಗೆ ಹೋಗಿದೆಯಲ್ಲ, ಮುದಿ ಕಂಪ್ಯೂಟರಿಗೆ ಭಾರ ಯಾಕೆ ಎಂದು, ಅದರಲ್ಲಿದ್ದ ಡಿಸೈನುಗಳನ್ನು ಒಂದೂ ಬಿಡದೆ ಅಳಿಸಿದರು. ಅಳಿಸಿದ್ದು ಹೋಗಿ ಬೀಳುವ, ಪರದೆಯ ಮೇಲಿನ ಕಸದ ಬುಟ್ಟಿಯನ್ನೂ ಖಾಲಿ ಮಾಡಿದರು. ಸಂಜೆಯ ಹೊತ್ತಿಗೆ ಕಂಪ್ಯೂಟರಿಗೆ ಫೋನ್ ಸಿಕ್ಕಿಸಿ ಚಾರ್ಜ್ ಮಾಡಲು ಜಾಗ ಬೇಕಾಯಿತು. ಡಿಸ್ಕಿನ ದೀಪ ಇನ್ನೂ ಮಿನುಗುತ್ತಿತ್ತು. ಹೊಲಿಗೆ ಮುಗಿದ ಮೇಲೆ ದಾರ ಕಡಿಯುವವರ ಹಾಗೆ ವೈರನ್ನು ಹಿಡಿದು ಪಟ್ಟನೆ ಎಳೆದರು.

ಹೆಂಡತಿ ಬಿಳಿ ದಾರದ ಉಂಡೆಗಳನ್ನು ಹಿಡಿದು ಬಂದರು. ಉಳಿದ ಫ್ರಾಕುಗಳನ್ನು ಮುಗಿಸೋಣವೆಂದು ಕಂಪ್ಯೂಟರಿನ ಮುಂದೆ ಕೂತರೆ ಹಂಸ ಇಲ್ಲ. ಎಲೆ ಇಲ್ಲ, ಬಳ್ಳಿಯೂ ಇಲ್ಲ.

"ರೀ, ಎಲ್ಲಿ ಹೋಯ್ತು ಎಲ್ಲ?"

"ಗಾಬರಿ ಯಾಕೆ? ಪೆಟ್ಟಿಗೆಯಲ್ಲಿ ಬೆಚ್ಚಗಿದೆ," ಎಂದು ಮಾಸ್ಟರ್ ವೆಲ್ವೆಟ್ ಕೋಟನ್ನು ತಟ್ಟಿ, ವೈರನ್ನು ಮತ್ತೆ ಸಿಕ್ಕಿಸಿದರು.

ಪರದೆಯ ಮೇಲೆ ಅದೇ ಹಳೆಯ ಪ್ರಶ್ನೆ ಮೂಡಿತು. ಫಾರ್ಮ್ಯಾಟ್ ಮಾಡಲೇ?

ಹೆಂಡತಿ ಕೂಡಲೇ ತಂಗಿಗೆ ಫೋನ್ ಹಚ್ಚಿದರು. ಮಾಸ್ಟರಿಗೆ ಮಾತ್ರ ಒಂದಿಷ್ಟೂ ಅಳುಕಿಲ್ಲ.

"ನಂಗೊತ್ತು ಬಿಡೇ. ಮೊದಲ ದಿನಾನೂ ಇದನ್ನೇ ಕೇಳಿತ್ತು. ಹೌದು ಅನ್ನಬೇಕು ಅಷ್ಟೆ," ಎಂದು ಮೌಸ್ ಹಿಡಿದು ಬಾಣವನ್ನು 'ಹೌದು' ಎಂಬಲ್ಲಿಗೆ ತಂದೇಬಿಟ್ಟರು.

"ಭಾವ!" ಫೋನಿನೊಳಗಿಂದ ಬಂದ ಕೂಗಿಗೆ ಕೋಣೆ ಗಡಗಡಿಸಿತು. "ಕೈ ಎತ್ತಿ! ಎರಡೂ ಕೈ ಮೇಲೆ! ನಾನು ಬರೋವರೆಗೂ ಇಳಿಸಬೇಡಿ!"

ಮಾಸ್ಟರ್ ಗರಬಡಿದವರಂತೆ ಎದ್ದು ನಿಂತು ಎರಡೂ ಕೈ ಎತ್ತಿದರು. ಹೆಂಡತಿಯ ಮುಖ ನೋಡಿದ ಮೇಲೆ ಇಳಿಸುವ ಧೈರ್ಯವೂ ಬರಲಿಲ್ಲ.

ಅದೇ ಹೊತ್ತಿಗೆ ಸರಿಯಾಗಿ ಡಾನ್ಸ್ ಟೀಚರ್ ಒಳಗೆ ಬಂದರು. ಮಾಸ್ಟರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಏನ್ ಮಾಸ್ಟ್ರೇ, ಇವತ್ತು ನಿಮ್ಮ ಅಳತೆ ಯಾರು ತಗೊಳ್ತಿದ್ದಾರೆ?"

"ಹೀಗೇ... ಸ್ವಲ್ಪ ತೋಳು ಹಿಡ್ಕೊಂಡಿತ್ತು," ಎಂದರು ಮಾಸ್ಟರ್.

"ಅಯ್ಯೋ, ಹಾಗೆ ನೇರ ಎತ್ತಬಾರದು. ಮಣಿಕಟ್ಟು ಹೀಗೆ ತಿರುಗಿಸಿ. ಹ್ಞಾಂ, ಈಗ ಎಡಕ್ಕೆ ಬಾಗಿ."

ನಾದಿನಿ ಏದುಸಿರು ಬಿಡುತ್ತಾ ಬಂದು ನೋಡಿದಾಗ ಮಾಸ್ಟರ್ ಕೈ ಎತ್ತಿಕೊಂಡು ಬಲಕ್ಕೆ ಬಾಗುತ್ತಿದ್ದರು.

ಅವಳು ನಗಲಿಲ್ಲ. ಪರದೆಯ ಪ್ರಶ್ನೆಗೆ 'ಬೇಡ' ಎಂದು ಒತ್ತಿ, ಡಿಸ್ಕನ್ನು ಕ್ರಮವಾಗಿ ಬಿಡಿಸಿಕೊಂಡಳು. ಜಿಪ್ ಎಳೆದು ಒಳಗೆ ಕೈಯಿಟ್ಟು ಹೌಹಾರಿದಳು.

"ಭಾವ, ಇದಕ್ಕೆ ಜ್ವರ ಬಂದಿದೆ! ಓಡೋವಾಗ ಡಿಸ್ಕ್ ಬಿಸಿಯಾಗುತ್ತೆ, ಅದಕ್ಕೆ ಗಾಳಿ ಬೇಕು. ನೀವು ಹತ್ತಿ ಕೋಟು ತೊಡಿಸಿದ್ದೀರಾ?"

"ಚಳಿ ಆಗ್ಬಾರ್ದು ಅಂತ..."

"ಒಳಗೆ ತಟ್ಟೆ ಗಿರಗಿರ ಸುತ್ತುತ್ತಿರುತ್ತೆ. ಮೆಷಿನ್ ಪಕ್ಕ ಇಟ್ಟು ಕುಣಿಸಿದ್ದೀರಾ? ಏನೋ ಬರೀತಾ ಇರೋವಾಗ ಕಿತ್ತಿದ್ದೀರಾ? ಅದೂ ಹೋಗ್ಲಿ, ಕಂಪ್ಯೂಟರಿನಲ್ಲಿದ್ದದ್ದು?"

ಮಾಸ್ಟರ್ ಕಸದ ಬುಟ್ಟಿಯ ವಿಷಯ ಹೇಳಿದರು.

"ಶಾಲೆಗೆ ತಗೊಂಡು ಹೋಗಿ ನೋಡ್ತೀನಿ. ಸಿಕ್ಕೇ ಸಿಗುತ್ತೆ ಅಂತ ಹೇಳಲಾರೆ. ಅಲ್ಲಿವರೆಗೂ ಈ ಕಂಪ್ಯೂಟರನ್ನ ಯಾರೂ ಮುಟ್ಟಬೇಡಿ," ಎಂದು ನಾದಿನಿ ಹೊರಟಳು. ವಿಷಯ ತಿಳಿದ ಟೀಚರ್ ಮುಗಿದ ಫ್ರಾಕುಗಳನ್ನು ಒಮ್ಮೆ ಸವರಿ ಹೋದರು.

ಹೆಂಡತಿ ಬೈಯಲಿಲ್ಲ. ಬೈದಿದ್ದರೆ ಮಾಸ್ಟರಿಗೆ ಎಷ್ಟೋ ಹಗುರವಾಗುತ್ತಿತ್ತು. ಹೊಸ ದಾರದ ಉಂಡೆಗಳನ್ನು ಡಬ್ಬಿಯಲ್ಲಿ ಜೋಡಿಸುತ್ತಾ, "ಅದನ್ನ ಮತ್ತೆ ಹಾಗೇ ಬರೆಯಕ್ಕೆ ನನ್ನ ಕೈಲಿ ಆಗುತ್ತೋ ಇಲ್ವೋ ಗೊತ್ತಿಲ್ಲ ರೀ," ಎಂದರು.

ಮಾಸ್ಟರಿಗೆ ಅಳುವೇ ಬಂದಂತಾಯಿತು. ಆಕೆ ಒಳಗೆ ಹೋದ ಮೇಲೆ ಮುಗಿದ ಫ್ರಾಕೊಂದನ್ನು ಕಿಟಕಿಯ ಬೆಳಕಿಗೆ ಹಿಡಿದರು. ಇಷ್ಟು ದಿನ ಅವರು ನೋಡಿದ್ದು ತೋಳಿನ ಹೊಲಿಗೆಯನ್ನು, ಕಾಲರಿನ ತಿರುವನ್ನು. ಈಗ ಮೊದಲ ಬಾರಿಗೆ ಹಕ್ಕಿಯನ್ನು ನೋಡಿದರು. ರೆಕ್ಕೆಯ ಒಂದೊಂದು ಗರಿಗೂ ದಾರದ ದಿಕ್ಕು ಬೇರೆ. ಕತ್ತಿನ ಬಳುಕಿನಲ್ಲಿ ಎಲ್ಲಿಯೂ ಒಂದು ಕೊಕ್ಕೆ ಇಲ್ಲ, ಸುಕ್ಕಿಲ್ಲ. ಇಷ್ಟು ವರ್ಷ ಕತ್ತರಿ ಹಿಡಿದ ತಮ್ಮಿಂದ ಅಂಥ ಒಂದು ತಿರುವು ಬಂದಿದೆಯೇ ಎಂದು ಯೋಚಿಸಿದರು. ಬಂದಿರಲಿಲ್ಲ.

ಮರುದಿನ ಮಧ್ಯಾಹ್ನ ನಾದಿನಿ ಬಂದಳು. ಡಿಸ್ಕನ್ನು ತಣ್ಣಗಾಗಲು ಬಿಟ್ಟು, ವೈರು ಬದಲಿಸಿ, ದೋಷ ಹುಡುಕುವ ಪ್ರೋಗ್ರಾಂ ಓಡಿಸಿ, ಸಿಕ್ಕಿದ್ದನ್ನೆಲ್ಲ ಮೊದಲು ಬೇರೆ ಡಿಸ್ಕಿಗೆ ಎತ್ತಿಟ್ಟುಕೊಂಡಿದ್ದಳು.

"ಮೀನು ಹೋಯ್ತಕ್ಕ. ಒಂದೆರಡು ಬಳ್ಳಿನೂ ಹೋಯ್ತು."

"ಹಂಸ?" ಎಂದು ಕೇಳಿದ್ದು ಹೆಂಡತಿಯಲ್ಲ, ಮಾಸ್ಟರ್.

ಅಕ್ಕ ತಂಗಿ ಇಬ್ಬರೂ ಅವರತ್ತ ತಿರುಗಿದರು.

"ಹಂಸ ಸಿಕ್ತು ಭಾವ."

ಮಾಸ್ಟರ್ ಸ್ಟೂಲಿನ ಮೇಲೆ ಕುಸಿದು ಕೂತು, ಕೊರಳಲ್ಲಿದ್ದ ಅಳತೆ ಟೇಪಿನಿಂದಲೇ ಕಣ್ಣೊರೆಸಿಕೊಂಡರು.

"ಈ ಸಲ ಅದೃಷ್ಟ ಇತ್ತು. ಪ್ರತಿ ಸಲ ಇರಲ್ಲ," ಎಂದಳು ನಾದಿನಿ. "ಈಗ ಮೆಷಿನ್ ತುಳಿಯೋದು ಬಿಟ್ಟು ಕೇಳಿ. ಒಂದು ಪ್ರತಿ ಕಂಪ್ಯೂಟರಿನಲ್ಲಿ, ಒಂದು ಡಿಸ್ಕಲ್ಲಿ. ಎರಡರಲ್ಲೂ ಇರಬೇಕು. ಆಗಬಹುದಾದ್ರೆ ಇನ್ನೊಂದು ನಮ್ಮ ಮನೇಲಿ, ಇಲ್ಲಿಗೆ ಕಳ್ಳ ಬಂದ್ರೂ ನೀರು ನುಗ್ಗಿದ್ರೂ ಅದು ಉಳಿಯುತ್ತೆ. ನಿನ್ನೆ ನಾನು ತೆಗೆದದ್ದು ನೋಡಿದ್ರಲ್ಲ, ತೆಗೆಯೋವಾಗ ಏನ್ ಮಾಡ್ತೀರಿ?"

"ಪರದೆಯಲ್ಲಿ 'ಇಜೆಕ್ಟ್' ಅಂತ ಒತ್ತಿ, ತೆಗೀಬಹುದು ಅಂತ ಅದು ಹೇಳೋವರೆಗೂ ಕಾದು, ಆಮೇಲೆ ಮೆಲ್ಲಗೆ."

"ಫಾರ್ಮ್ಯಾಟ್ ಮಾಡ್ಲಾ ಅಂತ ಕೇಳಿದ್ರೆ?"

ಮಾಸ್ಟರ್ ಎರಡೂ ಕೈ ಮೇಲೆತ್ತಿದರು. ಹೆಂಡತಿ ಕಿಸಕ್ಕನೆ ನಕ್ಕುಬಿಟ್ಟರು. ಹಿಂದಿನ ಸಂಜೆಯಿಂದ ಕಾದಿದ್ದ ನಗು ಅದು.

"ಮತ್ತೆ ನನ್ನ ಕೋಟು?" ಎಂದರು ಮಾಸ್ಟರ್ ಮೆಲ್ಲಗೆ.

"ಕೆಲಸ ಮುಗಿದು, ವೈರು ತೆಗೆದು, ತಣ್ಣಗಾದ ಮೇಲೆ ತೊಡಿಸಿ. ಧೂಳಿಗೆ ಒಳ್ಳೇದೇ. ಆದ್ರೆ ಬೀರುವಿನಲ್ಲಿಡಿ, ಮೆಷಿನ್ ಹತ್ರ ಬೇಡ. ವಾರಕ್ಕೊಂದು ಸಲ ಅಕ್ಕನ ಹೊಸ ಕೆಲಸ ನಕಲು ಮಾಡಿ, ಒಂದೆರಡು ತೆರೆದು ನೋಡಿ. ತೆರೀತಿಲ್ಲ ಅಂದ್ರೆ, ಡಿಸ್ಕಿನಿಂದ ಕಟಕಟ ಸದ್ದು ಬಂದ್ರೆ, ನೀವೇ ಡಾಕ್ಟರ್ ಆಗಬೇಡಿ. ನನ್ನ ಕರೀರಿ."

ಶನಿವಾರದ ಹೊತ್ತಿಗೆ ಫ್ರಾಕುಗಳೆಲ್ಲ ಮುಗಿದವು. ಮಾಸ್ಟರ್ ಒಂದೊಂದನ್ನೂ ತಾವೇ ಇಸ್ತ್ರಿ ಮಾಡಿದರು.

ಈಗ ಆ ಅಂಗಡಿಗೆ ಬಟ್ಟೆ ಹೊಲಿಸಲು ಹೋದವರಿಗೆ ಬಿಡುಗಡೆ ಇಲ್ಲ. ಕತ್ತಿನ ಅಳತೆಗೆಂದು ಟೇಪು ಸುತ್ತಿದ ಮೇಲೆ ಮಾಸ್ಟರ್ ಕೇಳುತ್ತಾರೆ, "ನಿಮ್ಮ ಮಕ್ಕಳ ಫೋಟೋ ಎಲ್ಲ ಎರಡು ಕಡೆ ಇಟ್ಟಿದ್ದೀರಾ?" ಟೇಪು ಕತ್ತಿನಲ್ಲಿರುವಾಗ ಇಲ್ಲ ಎನ್ನುವ ಧೈರ್ಯ ಯಾರಿಗಿದೆ? ಮೊನ್ನೆ ಹೊಸ ಗಿರಾಕಿಯೊಬ್ಬರು ಗೋಡೆಯ ಮೇಲೆ ತೂಗುಹಾಕಿದ ಫ್ರಾಕು ನೋಡಿ, "ಬಾತುಕೋಳಿ ಎಷ್ಟು ಮುದ್ದಾಗಿದೆ!" ಎಂದರಂತೆ. ಮಾಸ್ಟರ್ ಕತ್ತರಿ ಕೆಳಗಿಟ್ಟರು. ಸದ್ದು ಸ್ವಲ್ಪ ಜೋರಾಗಿಯೇ ಕೇಳಿತು.

ಓದುವ, ಕೇಳುವ ನೀವೂ ಒಂದು ಸಲ ಯೋಚಿಸಿ. ನಿಮ್ಮ ಮನೆಯ ಕಂಪ್ಯೂಟರಿನಲ್ಲೂ ಮತ್ತೆ ಬರೆಯಲಾಗದ್ದು, ಮತ್ತೆ ತೆಗೆಯಲಾಗದ್ದು ಏನೋ ಇದ್ದೇ ಇರುತ್ತದೆ. ಅದು ಒಂದೇ ಕಡೆ ಇದೆಯೇ? ಹಾಗಾದರೆ ಇವತ್ತೇ ಅದಕ್ಕೊಂದು ಎರಡನೇ ಮನೆ ಮಾಡಿಕೊಡಿ. ಗೊತ್ತಿಲ್ಲದಿದ್ದರೆ ಗೊತ್ತಿರುವವರನ್ನು ಕೂರಿಸಿಕೊಂಡು ಮಾಡಿ, ಅವರು ಹೇಳುವುದನ್ನು ಕೊನೆಯವರೆಗೆ ಕೇಳಿ. ಅರ್ಥವಾಗದ ಪ್ರಶ್ನೆಯನ್ನೇನಾದರೂ ಪರದೆ ಕೇಳಿತೋ, 'ಹೌದು' ಒತ್ತುವ ಮೊದಲು ನಮ್ಮ ಮಾಸ್ಟರನ್ನು ನೆನೆಸಿಕೊಂಡು ಎರಡೂ ಕೈ ಮೇಲೆತ್ತಿ. ಯಾರಾದರೂ ನೋಡಿ ನಕ್ಕರೆ ನಗಲಿ, ತೋಳು ಹಿಡಿದುಕೊಂಡಿದೆ ಎಂದು ಹೇಳಿದರಾಯಿತು.