ಗಂಗೆಯ ಮೇಲೂ ಗೂಡಿನ ಚಿಂತೆ

ಕಾಶಿಗೆ ಹೊರಟ ದಿನವೂ ರೇಷ್ಮೆ ನೂಲು ತೆಗೆಯುವ ಕಸುಬಿನ ರಾಮಲಿಂಗಯ್ಯನ ಕೈ ಸುಮ್ಮನಿರಲಿಲ್ಲ. ರಾಮನಗರದ ಮಾರುಕಟ್ಟೆಗೆ ನುಗ್ಗಿ, ಅಭ್ಯಾಸಬಲದಿಂದ ರೇಷ್ಮೆಗೂಡು ಕೊಂಡು, ಹೆಂಡತಿಗೂ ಹೇಳದೆ ಮನೆಯಲ್ಲಿ ಬಚ್ಚಿಟ್ಟು, ಅವಳೊಡನೆ ರೈಲು ಹತ್ತಿದ್ದ. ಈಗ ದೋಣಿ ಗಂಗೆಯಲ್ಲಿ ತೇಲುತ್ತಿತ್ತು, ಘಾಟಿನಿಂದ ಶಹನಾಯಿ ತೇಲಿಬರುತ್ತಿತ್ತು. ಇವನ ತಲೆ ತುಂಬ ಮಾತ್ರ ಚಿಟ್ಟೆಗಳು. ಬೇಗ ನೂಲು ತೆಗೆಯದಿದ್ದರೆ ಗೂಡು ಕೊರೆದು, ನೂಲು ಕೆಡಿಸಿ ಹೊರಬರುವ ಹಾಳು ಚಿಟ್ಟೆಗಳು! ಗುಡಿಯಲ್ಲೂ ಅದೇ ಚಿಂತೆ, ಆಟೋದಲ್ಲೂ ಅದೇ.

"ಅದ್ಯಾಕಂಗೆ ಕಾಲು ಕುಣಿಸ್ತೀರಿ? ಗೂಡಿನ ಯೋಚ್ನೆನಾ?" ಎಂದಳು ಹೆಂಡತಿ ಸಿದ್ದಮ್ಮ. "ನೀವು ಬಚ್ಚಿಟ್ಟಿದ್ದು ನಂಗೆ ಕಾಣ್ತು, ಅದ್ನ ಅವತ್ತೇ ಪಕ್ಕದ್ಮನೆ ನಾಹಿದಾಗೆ ಕೊಟ್ಬುಟ್ಟೆ. ಅವ್ರು ನೂಲು ತೆಗ್ದೂ ಆಯ್ತಂತೆ, ಫೋನ್ ಮಾಡಿದ್ರು."

ರಾಮಲಿಂಗಯ್ಯ ನಿರಾಳವಾಗಿ ಉಸಿರುಬಿಟ್ಟ. ಶಹನಾಯಿ ಮೊದಲ ಸಲ ಕಿವಿಗೆ ಬಿತ್ತು. ಒಂದರೆಗಳಿಗೆ, ಅಷ್ಟೇ.

"ಹಂಗಾರೆ ಊರಿಗೋದ್ರೆ ನೂಲ್ ತೆಗ್ಯಾಕೆ ಮನೇಲಿ ಏನೈತೆ?" ಎಂದವನ ಕಾಲು ಮತ್ತೆ ಕುಣಿಯತೊಡಗಿತು.