ರಜೆಯ ಸೂಟ್‌ಕೇಸು

ಗೋಡೆಯಾಚೆಯಿಂದ ಮತ್ತೆ ಚಪ್ಪಾಳೆ ಕೇಳಿಸಿತು. ಬೋರ್ಡಿನ ಮೇಲೆ 'ರಜೆಯಲ್ಲಿ ನಾನು' ಎಂದು ಬರೆಯುತ್ತಿದ್ದ ಟೀಚರ್ ಕೈ ನಿಲ್ಲಿಸಿದಳು. ಒಂದನೇ ತರಗತಿಯ ಅವಳ ಮಕ್ಕಳ ಕಿವಿಯೆಲ್ಲ ಪಕ್ಕದ ಕೋಣೆಯಲ್ಲೇ ಇತ್ತು.

"ಟೀಚರ್, ನಮಗೂ ಸೂಟ್‌ಕೇಸ್ ಆಟ ಆಡಿಸ್ತೀರಾ?" ಮುಂದಿನ ಬೆಂಚಿನ ತುಂಟ ಕೇಳಿದ.

"ಮೊದ್ಲು ಬೋರ್ಡ್ ನೋಡಿ ಬರಿ."

ಪಕ್ಕದ ವಿಭಾಗಕ್ಕೆ ಈ ವರ್ಷ ಪಾಠ ಮಾಡಲು ಬಂದ ಹೊಸ ಹುಡುಗಿ ಮಕ್ಕಳಿಂದ 'ಅಕ್ಕ' ಎಂದು ಕರೆಸಿಕೊಳ್ಳುತ್ತಿದ್ದಳು. ಅಕ್ಕನಂತೆ, ಅಕ್ಕ! ಅವಳದೊಂದು ಹಳೇ ಸೂಟ್‌ಕೇಸು, ಅದರ ತುಂಬ ಪದಗಳನ್ನು ಬರೆದ ರಟ್ಟಿನ ಚೀಟಿಗಳು. ರಜೆಗೆ ಹೊರಟವರಂತೆ ಮಕ್ಕಳು ಬೇಕಾದ ಚೀಟಿ ಆರಿಸಿ, ನೆಲದ ಮೇಲೆ ಸಾಲಾಗಿ ಜೋಡಿಸಿ, ವಾಕ್ಯ ಓದಬೇಕು. ಇಷ್ಟಕ್ಕೇ ಹೆಡ್‌ಮಿಸ್ ಕರಗಿ ನೀರಾಗಿದ್ದರು. "ಸ್ವಲ್ಪ ನೋಡಿ ಕಲ್ತ್ಕೊಳ್ಳಿ" ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರೆದುರೇ ಟೀಚರಿಗೆ ಹೇಳಿದ್ದರು. ಇಷ್ಟು ವರ್ಷ ಮುತ್ತು ಪೋಣಿಸಿದಂಥ ಅಕ್ಷರದಲ್ಲಿ ಬೋರ್ಡು ತುಂಬಿಸಿದವಳಿಗೆ ಮೈಯೆಲ್ಲ ಉರಿದುಹೋಗಿತ್ತು.

ಅದನ್ನಾದರೂ ನುಂಗಿಕೊಳ್ಳಬಹುದಿತ್ತು. ಆದರೆ ಅವಳ ಸ್ವಂತ ಮಗಳೇ ಆ ವಿಭಾಗದಲ್ಲಿದ್ದಳು. ಊಟಕ್ಕೆ ಕೂತರೂ ಅಕ್ಕ, ತಲೆ ಬಾಚಿಸಿಕೊಳ್ಳುವಾಗಲೂ ಅಕ್ಕ. "ಅಕ್ಕ ಜಡೆ ಹಾಕಿದ್ರೆ ನೋವೇ ಆಗಲ್ಲ" ಎಂದು ಮಗಳು ಅಂದ ದಿನ ಟೀಚರ್ ಬಾಚಣಿಗೆ ಕುಕ್ಕಿ ಎದ್ದುಹೋಗಿದ್ದಳು.

ಸಂಜೆ ಮಗಳನ್ನು ಕರೆಯಲು ಹೋದಾಗ ಆ ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ನೆಲದ ಮೇಲೆ ಮಗಳ ಸಾಲು ಹಾಗೇ ಇತ್ತು: ನಾನು, ರಜೆಯಲ್ಲಿ, ಅಕ್ಕನ ಜೊತೆ, ಸಮುದ್ರಕ್ಕೆ, ಹೋಗುತ್ತೇನೆ.

"ನಾಳೆ ಎಲ್ರ ಅಪ್ಪ ಅಮ್ಮ ಬರ್ತಾರಲ್ಲ, ಆಗ ಇದನ್ನೇ ಓದ್ತೀನಿ."

"ಅಕ್ಕ ನಿಜವಾಗ್ಲೂ ಕರ್ಕೊಂಡು ಹೋಗ್ತಾರಂತಾ?"

"ಇಲ್ಲಮ್ಮ, ಸುಮ್ನೆ ಆಟ. ನಮಗೆ ಯಾರ ಜೊತೆ ಇಷ್ಟಾನೋ ಅವರ ಜೊತೆ ಹೋಗೋದು."

"'ಅಮ್ಮನ ಜೊತೆ' ಅನ್ನೋ ಚೀಟಿ ಇಲ್ವಾ?"

"ಇದೆ. ಆದ್ರೆ ನೀನು ರಜೇಲೂ ಪೇಪರ್ ತಿದ್ತಾ ಇರ್ತೀಯಲ್ಲ."

ಮಗಳ ದನಿಯಲ್ಲಿ ದೂರಿರಲಿಲ್ಲ. ದೂರಿದ್ದರೂ ತಾಯಿಗೆ ಇಷ್ಟು ಚುಚ್ಚುತ್ತಿರಲಿಲ್ಲ. ಮಗಳು ಚಪ್ಪಲಿ ಹಾಕಿಕೊಳ್ಳಲು ಹೊರಗೆ ಓಡಿದಾಗ ಅವಳು ಚೀಟಿಗಳನ್ನೆಲ್ಲ ಎತ್ತಿ ಸೂಟ್‌ಕೇಸಿಗೆ ಹಾಕಿದಳು. ಒಂದು ಮಾತ್ರ ಅವಳ ಬ್ಯಾಗಿಗೆ ಹೋಯಿತು. 'ಅಮ್ಮನ ಜೊತೆ' ಎಂಬುದನ್ನು ಸೂಟ್‌ಕೇಸಿನಲ್ಲಿ ಎಲ್ಲದರ ಮೇಲೆಯೇ, ಕಣ್ಣಿಗೆ ಬೀಳುವಂತೆ ಇಟ್ಟಳು. ದಾರಿಯುದ್ದಕ್ಕೂ ಮಗಳ ಕೈ ಬಿಡಲಿಲ್ಲ.

ಮರುದಿನ ಪಕ್ಕದ ಕೋಣೆಗೆ ಅಪ್ಪ ಅಮ್ಮಂದಿರು ಬಂದು ಕೂರುತ್ತಿದ್ದಾಗ ಮಗಳು ಓಡಿಬಂದಳು. ಅತ್ತು ಮುಖ ಕೆಂಪಾಗಿತ್ತು, ಕೈಯಲ್ಲಿ ಖಾಲಿ ರಟ್ಟು, ಸ್ಕೆಚ್ ಪೆನ್ನು.

"ಅಮ್ಮ, ನನ್ನ ಚೀಟಿ ಕಳೆದೋಯ್ತು. ಎಲ್ಲಾ ಕಡೆ ಹುಡುಕಿದ್ವಿ."

"ಹೋಗ್ಲಿ ಬಿಡು. ಇರೋದ್ರಲ್ಲೇ ಇನ್ನೊಂದು ಹಾಕ್ಕೋ."

"ಊಹೂಂ, ನಂಗೆ ಅದೇ ಬೇಕು. ನೀನು ಬರೆದ್ಕೊಡು. ನಿಮ್ಮಮ್ಮನ ಅಕ್ಷರ ನಂದಕ್ಕಿಂತ ಎಷ್ಟೋ ಚೆಂದ, ಅವರ ಹತ್ರಾನೇ ಬರೆಸ್ಕೊಂಡು ಬಾ ಅಂತ ಅಕ್ಕಾನೇ ಕಳ್ಸಿದ್ರು."

ಆ ಹೊಗಳಿಕೆಗೆ ಅವಳ ಹೊಟ್ಟೆ ಇನ್ನಷ್ಟು ಉರಿಯಿತು. ಬ್ಯಾಗು ಮೇಜಿನ ಮೇಲೇ ಇತ್ತು. ಕೈ ಜಿಪ್ಪಿನ ತನಕ ಹೋಗಿ ಹಿಂದೆ ಬಂತು.

"ಏನು ಬರೀಬೇಕು?" ಗೊತ್ತಿಲ್ಲದವಳಂತೆ ಕೇಳಿದಳು.

"'ಅಕ್ಕನ ಜೊತೆ.' ದಪ್ಪಕ್ಕೆ ಬರಿಯಮ್ಮ, ಹಿಂದೆ ಕೂತೋರಿಗೂ ಕಾಣ್ಬೇಕು."

ಟೀಚರ್ ಬರೆದಳು. ಕೈ ಅಭ್ಯಾಸ ಬಿಡಲಿಲ್ಲ, ಅಕ್ಷರಗಳು ಎಂದಿನಂತೆ ದುಂಡಗೆ ಬಂದವು. ಮಗಳು ರಟ್ಟನ್ನು ಎರಡೂ ಕೈಯಲ್ಲಿ ಹಿಡಿದು, ಉಫ್ ಉಫ್ ಎಂದು ಊದಿ ಒಣಗಿಸುತ್ತಾ ಓಡಿದಳು.

ಸ್ವಲ್ಪ ಹೊತ್ತಿಗೆ ಗೋಡೆಯಾಚೆ ಅವಳ ದನಿ ಒಂದೊಂದೇ ಪದವಾಗಿ ಕೇಳಿಸಿತು. ಆಮೇಲೆ ಚಪ್ಪಾಳೆ. ಈಚೆ ಮುಂದಿನ ಬೆಂಚಿನ ತುಂಟನೂ ತಟ್ಟಿದ.

ಟೀಚರ ಬೆರಳಿಗೆ ಇಂಕು ಅಂಟಿತ್ತು. ಕರವಸ್ತ್ರ ಬ್ಯಾಗಿನೊಳಗಿತ್ತು. ಅವಳು ಬ್ಯಾಗು ತೆರೆಯಲಿಲ್ಲ. ಬೋರ್ಡು ಒರೆಸುವ ಡಸ್ಟರನ್ನೇ ಎತ್ತಿಕೊಂಡು ಬೆರಳು ಉಜ್ಜತೊಡಗಿದಳು.