ಎಳೆದದ್ದೋ, ಉಳಿಸಿದ್ದೋ

ಶೇರಿ ಮೀನಿನ ಒಂದು ಮಗ್ಗುಲ ಹುರುಪೆ ತೆಗೆದು ಇನ್ನೊಂದಕ್ಕೆ ತಿರುವುವಷ್ಟರಲ್ಲಿ ಫೋನು ಬಡಿದುಕೊಂಡಿತು. ರತ್ನಪ್ರಭಾ ಮೊಣಕೈಯಿಂದಲೇ ಸ್ಪೀಕರಿನ ಗುಂಡಿ ಒತ್ತಿದಳು. ಬೆಳಗಿನಿಂದ ಕಾಯುತ್ತಿದ್ದದ್ದು ಇದೇ ಕರೆಗೆ. ಬೋಟು ಮನೆಗೆ ಬರುತ್ತದೋ ಇಲ್ಲವೋ ಎಂಬುದು ಇದರಲ್ಲೇ ತೀರ್ಮಾನವಾಗಬೇಕಿತ್ತು.

ಕಳೆದ ಶುಕ್ರವಾರ ಗಂಡ ಯಜ್ಞೇಶ್ ಸಮುದ್ರದ ಇಳಿತದ ಹೊತ್ತನ್ನು ಮರೆತು, ಅಲ್ ಖೋರ್ ದಂಡೆಯಾಚೆಯ ಮರಳದಿಬ್ಬದ ಮೇಲೆ ತಮ್ಮ ಪುಟ್ಟ ಬೋಟನ್ನು ಹತ್ತಿಸಿ ಕೂರಿಸಿದ್ದ. ಸಂಜೆ ಭರತದ ನೀರು ಏರಿದರೆ ಬೋಟು ತಾನೇ ಏಳುತ್ತದೆ ಎಂದು ಅವಳು ಫ್ಲಾಸ್ಕು ಬಿಚ್ಚಿ ಚಹಾ ಬಗ್ಗಿಸಿದಳು. ಅವನಿಗೆ ತಾಳ್ಮೆಯಿರಲಿಲ್ಲ, ಯಾರಿಗೋ ಫೋನು ಮಾಡಿದ. ಕೆಟ್ಟ ಬೋಟುಗಳನ್ನು ಎತ್ತುವ ಕಂಪನಿಯವರು ಬಂದರು. ಅವರ ಕ್ಯಾಪ್ಟನ್ ಹಗ್ಗ ಎತ್ತಿ ತೋರಿಸಿ ಅರಬಿಯಲ್ಲಿ ಏನೋ ಕೇಳಿದ. ಬೆವರಿ ತೊಪ್ಪೆಯಾಗಿದ್ದ ಯಜ್ಞೇಶ್ ಎರಡೂ ಕೈ ಎತ್ತಿ, "ಖಲಾಸ್" ಅಂದ. ನಮ್ಮ ಕಥೆ ಮುಗಿಯಿತು ಎಂಬುದು ಅವನ ಅರ್ಥ. ಕ್ಯಾಪ್ಟನ್ನನಿಗೆ ಕೇಳಿದ್ದು, ಮಾತು ಮುಗಿಯಿತು, ಒಪ್ಪಿಗೆ ಎಂದು. ಬೋಟನ್ನು ಎಳೆದು ತಮ್ಮ ಅಂಗಳಕ್ಕೇ ಒಯ್ದರು.

ಈಗ ಕಂಪನಿಯ ಲೆಕ್ಕದಲ್ಲಿ ಅದು ಬೋಟು ಎಳೆದದ್ದಲ್ಲ, ನಾಶವಾಗಲಿದ್ದ ಬೋಟನ್ನು ಉಳಿಸಿದ್ದು. ಉಳಿಸಿದವರಿಗೆ ಬೋಟಿನ ಬೆಲೆಯಲ್ಲೇ ಪಾಲು. ಅದು ಸಿಗುವ ತನಕ ಬೋಟು ಅವರ ಅಂಗಳದಲ್ಲಿ. ವಿಮೆ ಮಾಡಿಸುವಾಗ, ಎಳೆಸುವ ಖರ್ಚಿನ ಭಾಗ ನಮಗ್ಯಾಕೆ, ನಾವೇನು ಹಡಗು ಓಡಿಸ್ತೇವಾ ಎಂದು ಬಿಡಿಸಿದ್ದವನೂ ಯಜ್ಞೇಶನೇ. ಈಗ, ಅವರೇ ಇಟ್ಟುಕೊಳ್ಳಲಿ, ತಲೆನೋವು ಹೋಯಿತು ಅನ್ನುತ್ತಿದ್ದ.

ಅವನಿಗೇನು, ಕೆಲಸಕ್ಕೆ ಒಯ್ಯುವ ಬಸ್ಸಿತ್ತು, ರಾಸ್ ಲಫಾನಿನ ಗ್ಯಾಸ್ ಸ್ಥಾವರವಿತ್ತು, ಜೊತೆಗಾರರಿದ್ದರು. ಶುಕ್ರವಾರ ಅವನು ಗಾಳ ಹಾಕುವಾಗ ಸ್ಟಿಯರಿಂಗು ಅವಳ ಕೈಗೆ ಬರುತ್ತಿತ್ತು. ಇಡೀ ವಾರದಲ್ಲಿ ಇವತ್ತೇನು ಅಡುಗೆ ಎಂದು ಯಾರೂ ಕೇಳದ ಹೊತ್ತು ಅದೊಂದೇ.

ಫೋನಿನಲ್ಲಿದ್ದವನು ಬೋಟು ಎತ್ತುವ ಕಂಪನಿಯ ಮ್ಯಾನೇಜರ್ ಅಲಿಯಬ್ಬ. ಉಳ್ಳಾಲದವನು.

"ಅಕ್ಕ, ನಿಮ್ಮ ಯಜಮಾನ್ರೇ ಖಲಾಸ್ ಅಂದದ್ದಂತೆ. ನಮ್ಮ ಕ್ಯಾಪ್ಟನ್ ಕಿವಿಯಾರೆ ಕೇಳಿದ್ದಾನೆ."

"ಅಲಿಯಬ್ಬಣ್ಣ, ಊರಲ್ಲಿ ನೀವು ಖಲಾಸ್ ಅನ್ನೋದು ಯಾವಾಗ?"

"ಎಲ್ಲ ಹೋಯ್ತು ಅಂತಾದ ಮೇಲೆ."

"ಇವರು ಹೇಳಿದ್ದೂ ಅದನ್ನೇ."

ಅತ್ತ ಕಡೆ ನಗು. "ಅಂದ್ರೆ ಬೋಟು ಹೋಗಿತ್ತು ಅಂತ ನೀವೇ ಒಪ್ಪಿದ ಹಾಗಾಯ್ತಲ್ಲ ಮಾರಾಯ್ರೆ."

ಹೌದಲ್ಲ. ರತ್ನಪ್ರಭಾ ಚೂರಿ ಕೆಳಗಿಟ್ಟಳು.

"ಇವರು ಹೆದರಿದ್ದು ಬಿಡಿ. ಬೋಟಿನೊಳಗೆ ನೀರಿತ್ತಾ? ತೂತಿತ್ತಾ? ನಿಮ್ಮ ಕ್ಯಾಪ್ಟನ್ ಬಂದಾಗ ನಾನು ಅದರೊಳಗೆ ಕೂತು ಚಹಾ ಕುಡೀತಿದ್ದೆ. ಅವನಿಗೂ ಒಂದು ಲೋಟ ಕೊಟ್ಟಿದ್ದೇನೆ, ಕೇಳಿ. ಮುಳುಗುವ ಬೋಟಿನಲ್ಲಿ ಯಾರಾದ್ರೂ ಚಹಾ ಕೊಡ್ತಾರಾ?"

ಅಲಿಯಬ್ಬ ಫೋನು ಬದಿಗಿಟ್ಟು ಯಾರೊಡನೆಯೋ ಅರಬಿಯಲ್ಲಿ ಮಾತಾಡಿದ್ದು ಕೇಳಿಸಿತು.

"ಕೊಟ್ಟದ್ದು ಹೌದಂತೆ. ಸಕ್ಕರೆ ಸ್ವಲ್ಪ ಜಾಸ್ತಿ ಆಗಿತ್ತಂತೆ."

ಎಳೆದ ಕೂಲಿ ಮಾತ್ರ ಕೊಟ್ಟು ಬೋಟು ಒಯ್ಯಿರಿ ಎಂದ ಅಲಿಯಬ್ಬ, ಇನ್ನು ಮುಂದೆ ಹಗ್ಗ ಮುಟ್ಟುವ ಮೊದಲೇ ಇದು ಎಳೆಯುವುದೋ ಉಳಿಸುವುದೋ ಎಂದು ಕೇಳಿಕೊಳ್ಳಿ, ವಿಮೆಗೂ ಎಳೆಸುವ ಖರ್ಚು ಸೇರಿಸಿ ಎಂದು ಬುದ್ಧಿವಾದ ಹೇಳಿಯೇ ಫೋನು ಇಟ್ಟ.

ಮಧ್ಯಾಹ್ನ ಅವಳು ವಿಮೆ ಏಜೆಂಟನಿಗೆ ಫೋನು ಮಾಡಿದಾಗ, ಎಳೆಸುವ ಖರ್ಚಿನ ವಿಮೆಯಲ್ಲಿ ಎರಡು ಬಗೆ ಇವೆ ಎಂದು ಗೊತ್ತಾಯಿತು. ಒಂದು ಅಲ್ ಖೋರ್ ಸುತ್ತಮುತ್ತಲಿಗಷ್ಟೇ. ಇನ್ನೊಂದು ಕರಾವಳಿಯುದ್ದಕ್ಕೂ, ಉತ್ತರದ ತುದಿಯ ಅಲ್ ಶಮಾಲ್ ತನಕ.

ರಾತ್ರಿ ಊಟಕ್ಕೆ ಕೂತ ಯಜ್ಞೇಶ್, ಬೋಟು ಬರುವ ಸುದ್ದಿ ಕೇಳಿ ತಾನೇ ಬಿಡಿಸಿಕೊಂಡು ಬಂದವನ ಹಾಗೆ ಬೀಗಿದ.

"ಹತ್ತಿರದ ವಿಮೆಯೇ ಸಾಕು. ನಮಗೆ ಶಮಾಲ್‌ಗೆ ಹೋಗ್ಲಿಕ್ಕೆ ಎಂತ ಉಂಟು? ನಾಳೆ ನೀನೇ ಹೇಳಿಬಿಡು ಆ ಏಜೆಂಟನಿಗೆ."

"ಹೇಳ್ತೇನೆ," ಅಂದಳು.

ಏಜೆಂಟನಿಗೆ ಹೇಳುವುದು ಮಾತ್ರ ಶಮಾಲಿನದ್ದೇ ಎಂದು ಅವಳು ಆಗಲೇ ನಿರ್ಧರಿಸಿದ್ದಳು. ಗಾಳಿ ತಣಿದ ಒಂದು ಶುಕ್ರವಾರ, ದಡವನ್ನು ಎಡಕ್ಕಿಟ್ಟುಕೊಂಡು ಅಲ್ಲಿಯವರೆಗೂ ಹೋಗುವುದು. ಅವನು ಗಾಳ ಎಳೆದುಕೊಂಡು ಬಂದು ಕೈ ಚಾಚಿದರೂ ಸ್ಟಿಯರಿಂಗು ಬಿಟ್ಟುಕೊಡದಿರುವುದು. ಯೋಚನೆ ಅಲ್ಲಿಗೆ ಬಂದು ನಿಂತಾಗ ಯಜ್ಞೇಶ್ ಸಾರು ಕೇಳಿದ. ಅವಳು ಬಡಿಸಿದಳು.